ಯಾರೂ ಆಡದ ಮಾತಿಗೊಂದು ತಿದ್ದುಪಡಿ

"ಒಂದು ಚೀಟಿ ಜಾಸ್ತಿ ಇದೆಯಲ್ಲಮ್ಮ," ಎಂದರು ಮಾವ, ಕನ್ನಡಕವನ್ನು ಹಣೆಗೇರಿಸಿ.

ಟೈಪ್ ಮಾಡುತ್ತಿದ್ದ ಲಿಪಿಯಕ್ಕ ತಲೆಯೆತ್ತಲಿಲ್ಲ. "ಹನ್ನೊಂದು ಮಾವ. ಬೆಳಿಗ್ಗೆ ಪೆಟ್ಟಿಗೆ ತೆಗೆದು ನಾನೇ ಎಣಿಸಿದೀನಿ."

"ಚೀಟಿ ಹನ್ನೊಂದೇ, ಇಲ್ಲ ಅನ್ನಲ್ಲ. ಆದ್ರೆ ತಿದ್ದೋಕೆ ಮಾತು ಹತ್ತೇ ಇವೆ. ಹನ್ನೊಂದನೇದು ಯಾವ ಮಾತಿಗೆ ಅಂತ ಹುಡುಕಿ ಹುಡುಕಿ ಕಣ್ಣು ಉರಿ ಬಂತು. ನೀನೇ ನೋಡು."

ನಗರಸಭೆಯ ಸಭಾಂಗಣದ ಹಿಂದೆ, ಹಳೆಯ ಕಡತಗಳ ಕಪಾಟುಗಳು ಮುಕ್ಕಾಲು ನುಂಗಿ ಬಿಟ್ಟುಕೊಟ್ಟ ಜಾಗವೇ ಅವಳ ಕೋಣೆ. ಒಂದು ಮೇಜು, ಒಂದು ಕಿಟಕಿ. ಕಿಟಕಿಯಾಚೆ ಕಡಲು. ಗಾಳಿ ಈ ಕಡೆ ತಿರುಗಿದಾಗಲೆಲ್ಲ ಕೊಳೆತ ಮೊಟ್ಟೆಯಂಥ ಒಂದು ನಾತ ಒಳಗೆ ಬರುತ್ತಿತ್ತು. ಅದಕ್ಕೆ ಕಿಟಕಿಗೆ ರಟ್ಟು ಬಡಿದಿದ್ದರು. ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. ಹನ್ನೆರಡಕ್ಕೆ ಸಭೆ.

ಸೋಮವಾರ ಮಧ್ಯಾಹ್ನ ನೀರಿನ ಮಾದರಿ ತರಲು ಕಡಲ ಕಡೆ ಹೋದ ಅವಳ ತಮ್ಮ ಗುರುವಾರವಾದರೂ ಮರಳಿರಲಿಲ್ಲ. ಸಿಕ್ಕಿದ್ದು ಮರಳಲ್ಲಿ ನಿಂತಿದ್ದ ಅವನ ಸ್ಕೂಟರ್ ಮಾತ್ರ. ಠಾಣೆಯವರು "ಈಜೋಕೆ ಇಳಿದಿರಬೇಕು" ಎಂದು ಬರೆದುಕೊಂಡು ಪುಸ್ತಕ ಮುಚ್ಚಿದ್ದರು. ನೀರೆಂದರೆ ಮಂಡಿಮಟ್ಟಕ್ಕಿಂತ ಮೇಲೆ ಹೋಗಲು ಹೆದರುವ ಹುಡುಗ ಅವನು. ಇಪ್ಪತ್ತೆಂಟು ವರ್ಷದವನನ್ನು ಹುಡುಗ ಎನ್ನಬಾರದು. ಆದರೆ ಅಕ್ಕಂದಿರ ಲೆಕ್ಕವೇ ಬೇರೆ. ಹೆಗಲಿಗೆ ಸದಾ ಮಾದರಿ ಬಾಟಲಿಗಳ ಚೀಲ ಇರುತ್ತಿದ್ದುದರಿಂದ ನಗರಸಭೆಯಲ್ಲಿ ಜವಾನನಿಂದ ಅಧ್ಯಕ್ಷರವರೆಗೆ ಎಲ್ಲರ ಬಾಯಲ್ಲೂ ಅವನು 'ಬಾಟ್ಲಿ'. ಸಭೆಯ ಮಾತುಗಳನ್ನೆಲ್ಲ ಶೀಘ್ರಲಿಪಿಯಲ್ಲಿ ಗೀಚಿಕೊಳ್ಳುವ ಅವಳು 'ಲಿಪಿಯಕ್ಕ'. ಅವಳ ಮಾವ, ಅಂದರೆ ಗಂಡನ ತಂದೆ, ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಹುಡುಗ ಕಾಣೆಯಾದಾಗಿನಿಂದ ಸೊಸೆಯ ಜೊತೆಗೇ ಕಚೇರಿಗೆ ಬಂದು ಕೂರುತ್ತಿದ್ದರು. ಮಂಡಿ ಸವೆದಿತ್ತು, ಮೂಗು ಸವೆದಿರಲಿಲ್ಲ.

ಇಲ್ಲಿ ತಿದ್ದುಪಡಿ ಚೀಟಿಯ ವಿಷಯ ಸ್ವಲ್ಪ ಹೇಳಬೇಕು. ಸಭೆ ಮುಗಿದ ಮೇಲೆ ಲಿಪಿಯಕ್ಕ ತನ್ನ ಗೀಚನ್ನು ಕರಡಾಗಿ ಟೈಪ್ ಮಾಡಿ ಎಲ್ಲ ಸದಸ್ಯರಿಗೂ ಹಂಚುತ್ತಾಳೆ. ಆಡುವಾಗ ಹುಲಿಯಾಗಿದ್ದವರಿಗೆ ಕಾಗದದ ಮೇಲೆ ಬೆಕ್ಕಾಗುವ ಆಸೆ ಹುಟ್ಟುವುದು ಆಗಲೇ. ಚೀಟಿಯಲ್ಲಿ ಬರೆದು, ಹೆಸರಿನ ಬದಲು ಆಸನದ ಸಂಖ್ಯೆ ಹಾಕಿ, ಹೊರಗಿನ ಮೇಜಿನಲ್ಲಿ ತಾರೀಖಿನ ಮೊಹರು ಒತ್ತಿಸಿ, ಮರದ ಪೆಟ್ಟಿಗೆಗೆ ಹಾಕುತ್ತಾರೆ. 'ಕಳ್ಳರ ಸಂತೆ ಎಂಬಲ್ಲಿ ಗೌರವಾನ್ವಿತ ಸಭೆ ಎಂದು ಓದಿಕೊಳ್ಳತಕ್ಕದ್ದು.' ಇಂಥವು. ಮುಂದಿನ ಸಭೆಯಲ್ಲಿ ನಡಾವಳಿಯನ್ನು ಓದಿ, ಕೈಯೆತ್ತಿ, ಸ್ಥಿರೀಕರಿಸುತ್ತಾರೆ. ಅಲ್ಲಿಗೆ ಅದು ಕಲ್ಲಿನ ಮೇಲೆ ಕೊರೆದಂತೆ. ಆಮೇಲೆ ಒಂದು ಅಲ್ಪವಿರಾಮವನ್ನೂ ಅಲುಗಿಸಲಾಗದು.

ಲಿಪಿಯಕ್ಕ ಹನ್ನೊಂದನೆಯ ಚೀಟಿಯನ್ನು ಬೆಳಕಿಗೆ ಹಿಡಿದಳು. ದುಂಡನೆಯ ಅಕ್ಷರ.

'ಸೋಮವಾರದ ನಡಾವಳಿಯಿಂದ, "ಮಾದರಿ ತೆಗೆಯುತ್ತಿರುವುದು ಕಡಲ ಬಾಯಿಯಲ್ಲಿ ಅಲ್ಲ, ಮೂರನೇ ಗುಂಡಿಯಲ್ಲಿ" ಎಂಬ ಮಾತನ್ನು ತೆಗೆದುಹಾಕತಕ್ಕದ್ದು. ಆಸನ 14.'

ಅವಳು ಅದನ್ನು ಎರಡು ಸಲ ಓದಿದಳು.

"ಯಾಕಮ್ಮ, ಮುಖ ಬೆಳ್ಳಗಾಯ್ತು?"

"ಮಾವ, ಈ ಮಾತನ್ನ ಸಭೆಯಲ್ಲಿ ಯಾರೂ ಆಡಿಲ್ಲ."

"ನೀನು ಬರ್ಕೊಳ್ಳೋಕೆ ಬಿಟ್ಟಿರಬಹುದು."

"ನಾನು ಕೆಮ್ಮನ್ನೂ ಬಿಡೋದಿಲ್ಲ." ಅವಳು ಸೋಮವಾರದ ಪುಸ್ತಕವನ್ನು ಬಿಡಿಸಿ, ಕೊಕ್ಕೆ ಗೆರೆಗಳ ಮೇಲೆ ಬೆರಳಾಡಿಸಿದಳು. "ಇಲ್ಲಿ ನೋಡಿ. ಹನ್ನೊಂದು ಇಪ್ಪತ್ತಕ್ಕೆ ತಮ್ಮ ಎದ್ದ. 'ಅಧ್ಯಕ್ಷರೇ, ಮಾದರಿ ತೆಗೆಯೋ ಜಾಗದ ಬಗ್ಗೆ ಒಂದು ಮಾತು' ಅಂದ. ಅಧ್ಯಕ್ಷರು, 'ಆಮೇಲೆ, ಆಮೇಲೆ, ಕೂತ್ಕೊ' ಅಂದ್ರು. ಕೂತ. ಅಷ್ಟೇ."

"ನನಗೆ ಕಾಣೋದು ಇರುವೆ ಸಾಲು ಕಣಮ್ಮ. ಧ್ವನಿ ಹಿಡಿಯೋ ಯಂತ್ರ ಇತ್ತಲ್ಲ, ಅದರಲ್ಲಿ?"

"ಅದು ಕೆಟ್ಟು ಎರಡು ತಿಂಗಳಾಯ್ತು. ರಿಪೇರಿಗೆ ಉಪಸಮಿತಿ ಮಾಡಿದಾರೆ."

ಮಾವ ನಗಲಿಲ್ಲ. ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಗುಂಡಿ ವಿಷಯ ಯಾರ್ಯಾರಿಗೆ ಗೊತ್ತಿತ್ತು?"

"ಭಾನುವಾರ ಊಟಕ್ಕೆ ಕೂತಾಗ ಅವನು ನನಗೆ ಹೇಳ್ದ. ನಾನು ನಿಮಗೆ ಹೇಳ್ದೆ."

ಅವನು ಹೇಳಿದ್ದು ಇಷ್ಟು. ಊರಾಚೆಯ ಕಾರ್ಖಾನೆಗಳ ನೀರನ್ನು ಕಡಲಿಗೆ ಒಯ್ಯುವ ದೊಡ್ಡ ಕೊಳವೆಗೆ ದಾರಿಯುದ್ದಕ್ಕೂ ಐದು ಗುಂಡಿಗಳು. ಮೂರನೇ ಗುಂಡಿಯವರೆಗೆ ಹರಿಯುವುದು ಬರೀ ಮಳೆಚರಂಡಿಯ ನೀರು. ಕಾರ್ಖಾನೆಯ ನೀರು ಸೇರುವುದು ಅಲ್ಲಿಂದಾಚೆ. ಆರು ವರ್ಷದಿಂದ ಮಾದರಿ ತೆಗೆದದ್ದು ಮೂರನೇ ಗುಂಡಿಯಲ್ಲಿ, ಬಾಟಲಿಗೆ ಅಂಟಿಸಿದ ಚೀಟಿಯಲ್ಲಿ 'ಕಡಲ ಬಾಯಿ'. ವರದಿ ಪ್ರತಿಸಲವೂ ಶುದ್ಧ. ದಡದ ಶಾಲೆಯ ಮಕ್ಕಳ ಕಾಲಿನ ಹುಣ್ಣಿಗೆ ಸಭೆ ಕೊಟ್ಟ ಕಾರಣ, ಬಿಸಿಲು. ವರದಿಗಳಿಗೆಲ್ಲ ರುಜು ಹಾಕಿದವನು ಬಾಟ್ಲಿಯೇ. ಹಾಕೆಂದರು, ಹಾಕಿದ. ಕೊಳವೆಗೆ ಇನ್ನೂ ಹತ್ತು ವರ್ಷ ಅನುಮತಿ ಕೊಡುವ ವಿಷಯ ಇವತ್ತಿನ ಸಭೆಯಲ್ಲಿ ಮತಕ್ಕೆ ಬರಲಿತ್ತು.

"ಇನ್ನೊಂದು ನೋಡು," ಎಂದರು ಮಾವ, ಧ್ವನಿ ತಗ್ಗಿಸಿ. "ನೀನು ಕರಡು ಹಂಚಿದ್ದು ಯಾವತ್ತು?"

"ನಿನ್ನೆ. ಬುಧವಾರ."

"ಈ ಚೀಟಿ ಮೇಲಿನ ಮೊಹರು ಮಂಗಳವಾರದ್ದು. ಕರಡು ಕೈಗೆ ಬರೋ ಮುಂಚೆನೇ ಕರಡು ತಿದ್ದೋಕೆ ಹೊರಟ ಪುಣ್ಯಾತ್ಮ ಯಾರು?"

ಮೇಜಿನ ಮೇಲಿನ ಒಳಫೋನು ಬಡಿದುಕೊಂಡಿತು. ಇಬ್ಬರೂ ಬೆಚ್ಚಿದರು. ಲಿಪಿಯಕ್ಕ ಎತ್ತಿ, ಮಾವನಿಗೂ ಕೇಳಿಸುವಂತೆ ವಾಲಿಸಿ ಹಿಡಿದಳು.

"ಸೋಮವಾರದ ನಡಾವಳಿ ರೆಡಿಯಾಯ್ತಾ ಅಮ್ಮ?" ನಗರಸಭೆಯ ಕಾರ್ಯದರ್ಶಿಯ ಮೆತ್ತನೆಯ ಸ್ವರ. ಹತ್ತಿಯಲ್ಲಿ ಸುತ್ತಿಟ್ಟಂಥ ಸ್ವರ ಅದು.

"ಆಗ್ತಾ ಇದೆ ಸರ್."

"ತಿದ್ದುಪಡಿ ಎಲ್ಲ ಸೇರಿಸಿದ್ರಿ ತಾನೇ? ಹದಿನಾಲ್ಕನೇ ಆಸನದ್ದು ಒಂದಿರುತ್ತೆ. ಅದನ್ನ ಮರೀಬೇಡಿ."

ಫೋನು ಇಟ್ಟ ಮೇಲೂ ಅವಳ ಕೈ ಅದರ ಮೇಲೆಯೇ ಇತ್ತು. ಪೆಟ್ಟಿಗೆಯ ಬೀಗದ ಕೈ ಇರುವುದು ಅವಳೊಬ್ಬಳ ಬಳಿ. ಚೀಟಿಗಳನ್ನು ನೋಡಿದವರು ಅವಳು ಮತ್ತು ಮಾವ.

"ಕಾರ್ಯದರ್ಶಿ ಸೋಮವಾರ ಸಭೆಯಲ್ಲಿದ್ರಾ?" ಮಾವ ಕೇಳಿದರು.

"ಇಲ್ಲ. ರಜೆ ಹಾಕಿದ್ರು. ಸಹಾಯಕರು ಕೂತಿದ್ರು."

"ಹಂ." ಮಾವ ಮಂಡಿ ಹಿಡಿದುಕೊಂಡು ಎದ್ದರು. "ಹದಿನಾಲ್ಕರಲ್ಲಿ ಕೂರೋರು ಯಾರು?"

ಅವಳಿಗೆ ಅದನ್ನು ಬಾಯಿಬಿಟ್ಟು ಹೇಳುವುದು ಕಷ್ಟವಾಯಿತು. "ಟೀಚರಮ್ಮ."

ಕೊಳವೆಯ ವಿರುದ್ಧ ಆರು ವರ್ಷದಿಂದ ಗಂಟಲು ಹರಿದುಕೊಂಡ ಒಬ್ಬಳೇ ಸದಸ್ಯೆ. ಬಾಟ್ಲಿಗೆ ಅಕ್ಷರ ಕಲಿಸಿದವಳು.

*

ಹನ್ನೊಂದು ದಾಟಿದ ಮೇಲೆ ಬಂದ ಟೀಚರಮ್ಮ ಸದಸ್ಯರ ವಾಚನಾಲಯದಲ್ಲಿ ಒಬ್ಬಳೇ ಕೂತಿದ್ದಳು. ಎಡಗೆನ್ನೆ ಊದಿ, ಕೈವಸ್ತ್ರ ಒತ್ತಿಕೊಂಡಿದ್ದಳು. ಮುಂದೆ ಪತ್ರಿಕೆ ಬಿಚ್ಚಿತ್ತು, ತಲೆಕೆಳಗಾಗಿತ್ತು.

ಲಿಪಿಯಕ್ಕ ಚೀಟಿಯನ್ನು ಪತ್ರಿಕೆಯ ಮೇಲಿಟ್ಟಳು. "ಇದು ನಿಮ್ಮ ಅಕ್ಷರ ಟೀಚರ್."

"ಹೌದಾ? ನನ್ನ ಹಾಗೆ ಬರೆಯೋರು ಈ ಊರಲ್ಲಿ ಸಾವಿರ ಜನ ಇದಾರೆ. ಎಲ್ಲರಿಗೂ ನಾನೇ ಕಲಿಸಿದ್ದು."

"'ತಕ್ಕದ್ದು' ಅನ್ನೋದರ ಕೆಳಗೆ ಗೆರೆ ಎಳೆಯೋರು ನೀವೊಬ್ರೇ."

ಟೀಚರಮ್ಮ ಬಾಗಿಲ ಕಡೆ ನೋಡಿದಳು. ಬಾಗಿಲಿಗೆ ಬೆನ್ನುಕೊಟ್ಟು ಮಾವ ನಿಂತಿದ್ದರು. ಅವರ ಬೆನ್ನಿನಾಚೆ ಮೊಗಸಾಲೆಯಲ್ಲಿ ಯಾರದೋ ಬೂಟು ನಿಧಾನವಾಗಿ ಹಾದುಹೋಯಿತು, ನಿಂತಿತು, ಮತ್ತೆ ಹೋಯಿತು.

"ಅವನ ಒಳ್ಳೇದಕ್ಕೆ ಬರೆದೆ ಕಣೆ," ಎಂದಳು ಟೀಚರಮ್ಮ.

"ನನ್ನ ತಮ್ಮ ಎಲ್ಲಿ?"

"ನನಗೇನು ಗೊತ್ತು?"

"ಆ ಮಾತು ನಿಮಗೆ ಹೇಗೆ ಗೊತ್ತಾಯ್ತೋ ಹಾಗೇ ಅದೂ ಗೊತ್ತಿರಬೇಕು."

"ಅವನು ಸಭೆಯಲ್ಲಿ ಹೇಳಿದನಲ್ಲ."

"ನೀವು ಕೇಳಿಸ್ಕೊಂಡ್ರಾ?"

ಟೀಚರಮ್ಮ ಕೆನ್ನೆ ಮುಟ್ಟಿಕೊಂಡಳು. "ಅವತ್ತು ನನ್ನದು ಹಲ್ಲು ಕೀಳಿಸೋದಿತ್ತು. ನಾನು ಬಂದಾಗ ಹನ್ನೆರಡಾಗಿತ್ತು. ಸಂಜೆ ಕಾರ್ಯದರ್ಶಿ ಫೋನ್ ಮಾಡಿದ್ರು. 'ನಿಮ್ಮ ಶಿಷ್ಯ ಸಭೆಯಲ್ಲಿ ಗುಂಡಿ ವಿಷಯ ಬಾಯಿಬಿಟ್ಟಿದಾನೆ, ಅದು ದಾಖಲೆಗೆ ಹೋಗಿದೆ. ಆರು ವರ್ಷದ ವರದಿಗೆಲ್ಲ ಅವನದೇ ರುಜು, ಮೊದಲು ಜೈಲಿಗೆ ಹೋಗೋನು ಅವನೇ. ನೀವೊಂದು ಚೀಟಿ ಹಾಕಿದ್ರೆ ಹುಡುಗ ಉಳೀತಾನೆ. ನಾನು ಅಧಿಕಾರಿ, ನನಗೆ ಚೀಟಿ ಹಾಕೋ ಹಕ್ಕಿಲ್ಲ' ಅಂದ್ರು. ಬೆಳಿಗ್ಗೆ ಬಂದವಳೇ ಹಾಕಿದೆ."

"ನಿನ್ನೆ ಕರಡು ಬಂತಲ್ಲ, ಓದಲಿಲ್ವಾ?"

"ಕರಡನ್ನ ಓದೋ ಅಭ್ಯಾಸ ಈ ಸಭೆಯಲ್ಲಿ ಯಾರಿಗಿದೆಯೇ? ನಮ್ಮ ಮಾತು ಎಲ್ಲಿದೆ ಅಂತ ಹುಡುಕ್ತೀವಿ, ಮಡಚಿಡ್ತೀವಿ."

"ಅವನು ಆ ಮಾತನ್ನ ಆಡೇ ಇಲ್ಲ ಟೀಚರ್. ಎದ್ದ, ಕೂರಿಸಿದ್ರು. ಮಧ್ಯಾಹ್ನ ಹೋದೋನು ಬಂದಿಲ್ಲ."

ಟೀಚರಮ್ಮನ ಕೈವಸ್ತ್ರ ಕೆಳಗೆ ಬಿತ್ತು.

"ಹಾಗಾದ್ರೆ ಕಾರ್ಯದರ್ಶಿಗೆ ಹೇಗೆ..."

"ಅದನ್ನೇ ನಾನು ಯೋಚನೆ ಮಾಡ್ತಾ ಇದ್ದೆ," ಎಂದರು ಮಾವ, ಬಾಗಿಲ ಬಳಿಯಿಂದಲೇ. ಅವರ ಮಾತಿನಲ್ಲಿದ್ದ ಎಂದಿನ ಹಗುರ ಹೋಗಿತ್ತು. "ನಮ್ಮ ಹುಡುಗ ಬುದ್ಧಿವಂತ ಕಣಮ್ಮ. ಯಾರೋ ಅವನನ್ನ ಹಿಡ್ಕೊಂಡಿದಾರೆ. ಹಿಡ್ಕೊಂಡು, ಇವನ ಬಾಯಿ ಮುಚ್ಚಿಸಿದ್ರೆ ಮುಗೀತು ಅಂದ್ಕೊಂಡಿದಾರೆ. ಆಗ ಇವನು ಒಂದು ಸುಳ್ಳು ಎಸೆದಿದಾನೆ. 'ನನ್ನನ್ನ ಏನು ಮಾಡಿದ್ರೂ ಪ್ರಯೋಜನ ಇಲ್ಲ. ನಾನು ಬೆಳಿಗ್ಗೆನೇ ಸಭೆಯಲ್ಲಿ ಹೇಳಿ ಆಗಿದೆ. ಅಕ್ಕ ಬರ್ಕೊಂಡು ಆಗಿದೆ.' ಅವರು ಸಭೆಯಲ್ಲಿರಲಿಲ್ಲ, ಇಲ್ಲಾಂದ್ರೆ ಇದ್ದೂ ತೂಕಡಿಸ್ತಾ ಇದ್ರು. ನಂಬಿದಾರೆ. ಅವನನ್ನ ಹಾಗೇ ಕೂಡಿಹಾಕಿ ಕಾಗದದ ಹಿಂದೆ ಬಿದ್ದಿದಾರೆ."

"ಅಂದ್ರೆ ಬದುಕಿದಾನೆ," ಎಂದಳು ಲಿಪಿಯಕ್ಕ. ಅದು ಪ್ರಶ್ನೆಯೋ ಅಲ್ಲವೋ ಅವಳಿಗೇ ತಿಳಿಯಲಿಲ್ಲ.

"ಆ ಮಾತು ದಾಖಲೆಯಲ್ಲಿದೆ ಅಂತ ಅವರಿಗೆ ಅನುಮಾನ ಇರೋವರೆಗೆ. ಕರಡಿನಲ್ಲಿ ಇಲ್ಲ ಅಂತ ನಿನ್ನೆ ನೋಡಿರ್ತಾರೆ. ಚೀಟಿ ಕೆಲಸ ಮಾಡ್ತು ಅಂದ್ಕೊಂಡಿರ್ತಾರೆ. ಆದ್ರೂ ಸ್ಥಿರೀಕರಣ ಆಗೋವರೆಗೆ ಯಾವನಾದ್ರೂ ಎದ್ದು ತಕರಾರು ತೆಗೀಬಹುದಲ್ಲ, ಅದಕ್ಕೆ ಕಾಯ್ತಿದಾರೆ."

"ಸ್ಥಿರೀಕರಣ ಹನ್ನೆರಡಕ್ಕೆ."

"ಹೌದು."

"ಆಮೇಲೆ ಅವನು ಅವರಿಗೆ ಬೇಕಾಗಿಲ್ಲ."

ಮಾವ ತಲೆಯೆತ್ತಿ ನೋಡಿದರು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಮೂವತ್ತೈದು.

ಟೀಚರಮ್ಮ ಮೆಲ್ಲಗೆ ಹೇಳಿದಳು. "ಆ ಮಾತು ದಾಖಲೆಗೆ ಬಂದುಬಿಟ್ರೆ ಅವನನ್ನ ಮುಗಿಸಿ ಅವರಿಗೆ ಲಾಭ ಇಲ್ಲ. ಆ ಸಭೆಯಲ್ಲಿ ನಿನ್ನ ಗೀಚು ಓದೋಕೆ ಬರೋದು ನಿನಗೊಬ್ಬಳಿಗೆ."

ಇಪ್ಪತ್ತೆರಡು ವರ್ಷ. ಆಡದ ಒಂದು ಮಾತನ್ನೂ ಅವಳು ಬರೆದಿರಲಿಲ್ಲ. ಬರೆಯೆಂದು ಗೋಗರೆದವರಿದ್ದರು, ಬೆದರಿಸಿದವರಿದ್ದರು, ವರ್ಗ ಮಾಡಿಸುತ್ತೇನೆಂದವರಿದ್ದರು. ಸಭೆಯಲ್ಲಿ ಜಗಳವಾದಾಗ ಎರಡು ಕಡೆಯವರೂ "ಲಿಪಿಯಕ್ಕನ ಪುಸ್ತಕ ತೆಗೀರಿ" ಎನ್ನುತ್ತಿದ್ದರು; ಅವಳ ಬಳಿ ಇದ್ದ ಆಸ್ತಿ ಅದೊಂದೇ.

ಅವಳು ಮಾವನ ಕಡೆ ನೋಡಿದಳು.

"ನನ್ನನ್ನ ಕೇಳಬೇಡ," ಎಂದರು ಅವರು. "ಹೇಳಿಕೆಯಲ್ಲಿ ಒಂದಕ್ಷರ ಸೇರಿಸಬಾರದು ಅಂತ ಮೂವತ್ತು ವರ್ಷ ಹೊಸ ಪೇದೆಗಳಿಗೆ ಬೈದೋನು ನಾನು. ಪೆನ್ಸಿಲ್ಲು ನಿನ್ನದು. ತಮ್ಮ ನಿನ್ನೋನು."

ಅವಳು ಜಡೆಯಲ್ಲಿ ಸಿಕ್ಕಿಸಿದ್ದ ಪೆನ್ಸಿಲನ್ನು ಎಳೆದುಕೊಂಡಳು.

*

ಸಭಾಂಗಣದ ಮೂವತ್ತೆರಡು ಆಸನಗಳಲ್ಲಿ ಮೂವತ್ತು ತುಂಬಿದ್ದವು. ಅಷ್ಟು ಜನ ಸಮಯಕ್ಕೆ ಬಂದದ್ದೇ ಅವಳಿಗೆ ಹೆದರಿಕೆ ತರಿಸಿತು. ವೇದಿಕೆಯ ಮೇಲೆ ಅಧ್ಯಕ್ಷರು, ಉಪಾಧ್ಯಕ್ಷರು, ಮುಖ್ಯ ಎಂಜಿನಿಯರ್. ವೇದಿಕೆಗೆ ಬೆನ್ನು ಹಾಕಿ, ಅದರ ಬುಡದಲ್ಲೇ, ಅವಳ ಪುಟ್ಟ ಮೇಜು. ಮೇಜಿನ ಆಚೆ ಬದಿಗೆ, ಅವಳಿಗೂ ವೇದಿಕೆಗೂ ಮುಖ ಮಾಡಿ ಕಾರ್ಯದರ್ಶಿ. ಇಸ್ತ್ರಿ ಮುರಿಯದ ಅಂಗಿ, ಹಣೆಯಲ್ಲಿ ಮಾತ್ರ ಬೆವರು.

ಪ್ರೇಕ್ಷಕರ ಬೆಂಚಿನಲ್ಲಿ ಮಾವ, ನಿದ್ದೆ ಬಂದವರಂತೆ.

"ಹಿಂದಿನ ಸಭೆಯ ನಡಾವಳಿ," ಎಂದರು ಅಧ್ಯಕ್ಷರು. "ಬೇಗ ಓದಮ್ಮ. ಮತಕ್ಕೆ ಹೋಗಬೇಕು."

ಅವಳು ಓದತೊಡಗಿದಳು. ಒಂದನೇ ಪುಟ. ಎರಡನೇ ಪುಟ. ಯಾರೋ ಆಕಳಿಸಿದರು. ಇನ್ಯಾರೋ ಮೊಬೈಲಿನಲ್ಲಿ ಮುಳುಗಿದ್ದರು. ಮೂರನೇ ಪುಟದ ಮಧ್ಯಕ್ಕೆ ಬಂದಾಗ ನಿಲ್ಲಿಸಿದಳು. ನೀರು ಕುಡಿದಳು. ಮೈಕು ಆ ಗುಟುಕನ್ನೂ ಇಡೀ ಸಭೆಗೆ ಕೇಳಿಸಿತು.

"ಹನ್ನೊಂದು ಇಪ್ಪತ್ತಕ್ಕೆ ಮಾದರಿ ಸಂಗ್ರಾಹಕರು ಎದ್ದು ನಿಂತು, 'ಮಾದರಿ ತೆಗೆಯುತ್ತಿರುವುದು ಕಡಲ ಬಾಯಿಯಲ್ಲಿ ಅಲ್ಲ, ಮೂರನೇ ಗುಂಡಿಯಲ್ಲಿ' ಎಂದು ಸಭೆಗೆ ತಿಳಿಸಿದರು."

ಮೊಬೈಲು ಹಿಡಿದಿದ್ದವರೂ ತಲೆಯೆತ್ತಿದರು.

"ಏನಂದೆ?" ಎಂದರು ಅಧ್ಯಕ್ಷರು, ಅವಳ ತಲೆಯ ಮೇಲಿನಿಂದ. "ಇದು ಕರಡಿನಲ್ಲಿ ಇಲ್ಲವಲ್ಲ."

"ಹದಿನಾಲ್ಕನೇ ಆಸನದಿಂದ ತಿದ್ದುಪಡಿ ಬಂದಿತ್ತು ಸರ್. ಮಂಗಳವಾರವೇ. ಹಾಗಾಗಿ ಕರಡಿನಿಂದ ಕೈಬಿಟ್ಟಿದ್ದೆ." ತನ್ನದೇ ಧ್ವನಿ ಅವಳಿಗೆ ಬೇರೆ ಯಾರದೋ ಎನಿಸಿತು.

ಟೀಚರಮ್ಮ ಎದ್ದಳು. "ನನ್ನ ತಿದ್ದುಪಡಿಯನ್ನ ನಾನು ವಾಪಸ್ ತಗೊಂಡಿದೀನಿ. ಮಾತು ಇದ್ದ ಹಾಗೇ ಇರಲಿ."

"ಆ ಹುಡುಗ ಹಾಗೆ ಹೇಳಿದ್ದು ನನಗೆ ನೆನಪಿಲ್ಲ," ಎಂದರು ಹಿಂದಿನ ಸಾಲಿನ ಒಬ್ಬರು.

"ಇಲ್ಲದ ಮಾತಿಗೆ ಯಾರಾದ್ರೂ ಚೀಟಿ ಹಾಕ್ತಾರಾ?" ಎಂದಳು ಟೀಚರಮ್ಮ. "ಮೊಹರು ನೋಡಿ. ನಿಮಗೆ ನೆನಪಿಲ್ಲ ಅಂದ್ರೆ ನೀವು ಆಗ ಏನು ಮಾಡ್ತಿದ್ರಿ ಅಂತ ಹೇಳಿಬಿಡಿ, ಅದನ್ನೂ ನಡಾವಳಿಗೆ ಸೇರಿಸೋಣ."

ಹಿಂದಿನ ಸಾಲಿನವರು ಕೂತರು. ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವತ್ತು ತಾನು ಕಿವಿಗೊಡಲಿಲ್ಲ ಎಂದು ಒಪ್ಪಿಕೊಳ್ಳಲು ಒಬ್ಬರೂ ತಯಾರಿರಲಿಲ್ಲ. ಕೊನೆಗೆ ಮೂಲೆಯಿಂದ, ಸೋಮವಾರ ಪೂರ್ತಿ ಗೊರಕೆ ಹೊಡೆದಿದ್ದ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡರು. "ಹೇಳಿದ್ದ, ಹೇಳಿದ್ದ. ನಾನೇ ಕೇಳಿಸ್ಕೊಂಡೆ. ಒಳ್ಳೇ ಸ್ಪಷ್ಟವಾಗಿ ಹೇಳಿದ."

ಬೇರೆ ದಿನವಾಗಿದ್ದರೆ ಲಿಪಿಯಕ್ಕನಿಗೆ ನಗು ತಡೆಯುತ್ತಿರಲಿಲ್ಲ.

"ಹಾಗಾದ್ರೆ," ಎಂದರು ಅಧ್ಯಕ್ಷರು. ವೇದಿಕೆಯ ಮೇಲೆ ಪಿಸುಮಾತು. ಒಂದು ಪೆನ್ನು ಮೇಜಿನ ಮೇಲೆ ಟಕ್ ಟಕ್ ಎನ್ನುತ್ತಿತ್ತು. ಅದು ಯಾರ ಪೆನ್ನೆಂದು ತಿರುಗಿ ನೋಡುವ ಧೈರ್ಯ ಅವಳಿಗಿರಲಿಲ್ಲ. "ಸ್ಥಿರೀಕರಣಕ್ಕೆ ಒಪ್ಪೋರು ಕೈಯೆತ್ತಿ."

ಕೈಗಳು ಒಂದೊಂದಾಗಿ ಮೇಲೆದ್ದವು. ನಿಯಮದಂತೆ ಮೊದಲು ಕಾರ್ಯದರ್ಶಿಯ ರುಜು, ಆಮೇಲೆ ಅಧ್ಯಕ್ಷರದು. ಅವಳು ಮೂರನೇ ಪುಟವನ್ನು ಮೇಲಿಟ್ಟು ಕಾಗದಗಳನ್ನು ಕಾರ್ಯದರ್ಶಿಯತ್ತ ಸರಿಸಿದಳು. ಅವರು ಮೈಕಿನ ಗುಂಡಿಯನ್ನು ಒತ್ತಿ ಆರಿಸಿ, ಓದುವವರಂತೆ ಮುಂದೆ ಬಾಗಿದರು.

"ಅವನು ಇದನ್ನ ಹೇಳಲಿಲ್ಲ ಅಮ್ಮ," ಎಂದರು, ತುಟಿ ಅಲುಗಿಸದೆ. "ನನಗೆ ಗೊತ್ತು."

"ನೀವು ಅವತ್ತು ರಜೆಯಲ್ಲಿದ್ರಿ. ನಿಮಗೆ ಹೇಗೆ ಗೊತ್ತು?"

"ಅವನೇ ಹೇಳ್ದ."

"ಯಾವಾಗ?"

"ಇವತ್ತು ಬೆಳಿಗ್ಗೆ, ನಿಮಗೆ ಫೋನ್ ಮಾಡಿದ ಮೇಲೆ. ತಡ್ಕೊಳ್ಳೋಕೆ ಆಗಲಿಲ್ಲ ಪಾಪ, ಹೇಳಿಬಿಟ್ಟ."

ಅವಳು ಕಾಗದಗಳ ಮೇಲೆ ಬಾಗಿದಳು. "ಎಲ್ಲಿದಾನೆ?"

"ಅವನು ಹೇಳಿದ್ದನ್ನ ನಾನಿನ್ನೂ ಅವರಿಗೆ ಮುಟ್ಟಿಸಿಲ್ಲ," ಎಂದರು ಕಾರ್ಯದರ್ಶಿ. ಪೆನ್ನಿನ ಮುಚ್ಚಳ ತೆಗೆದರು. ಮೂರನೇ ಪುಟದ ಅಂಚಿನಲ್ಲಿ, ಆ ಸಾಲಿನ ಎದುರಿಗೇ, ರುಜು ಹಾಕಿದರು. ಕೊನೆಯ ಗೆರೆ ಕಾಗದ ದಾಟಿ ಮೇಜಿನ ಮೇಲೆ ಹರಿಯಿತು. ಆಮೇಲೆ ಅವರು ತಲೆಯೆತ್ತಿ ನೋಡಿದರು, ಅವಳನ್ನಲ್ಲ; ಅವಳ ಭುಜದ ಮೇಲಿಂದ ಹಿಂದಕ್ಕೆ, ವೇದಿಕೆಯ ಕಡೆಗೆ, ಪೆಟ್ಟು ಬೀಳುವುದನ್ನು ಕಾಯುವವನ ಹಾಗೆ.

ಟಕ್ ಟಕ್ ನಿಂತಿತು. ಅವಳ ಬೆನ್ನ ಹಿಂದೆ ಯಾರೋ ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಎದ್ದು, ಮೆಟ್ಟಿಲಿಳಿಯತೊಡಗಿದರು.